ಇಲ್ಲದ ಕಂಬವನ್ನು ಬಳಸಿ ಹೋಗುವವರು

ನನಗೊಂದು ವಿಚಿತ್ರ ಚಾಳಿಯಿದೆ. ಬಯಲು ಸಿಕ್ಕಿದರೆ ನೆಟ್ಟಗೆ ನಡೆಯಲು ಬರುವುದಿಲ್ಲ. ಮಸ್ಕತ್ತಿನ ಬೌಷರಿನಲ್ಲಿ ನಮ್ಮ ಮನೆಯ ಹತ್ತಿರ ಒಂದು ಮಾಲ್ ಇದೆ. ಜುಲೈ ತಿಂಗಳ ಬಿಸಿಲಿಗೆ ಇಲ್ಲಿಯ ಮಂದಿ ವಾಕಿಂಗ್ ಮಾಡುವುದು ಅಂಥ ಮಾಲುಗಳ ಒಳಗೇ. ಬೆಳಿಗ್ಗೆ ಅಂಗಡಿಗಳ ಶಟರ್ ಏಳುವ ಮೊದಲು, ಫಳಫಳ ಹೊಳೆಯುವ ಖಾಲಿ ನೆಲದ ಮೇಲೆ ನನ್ನ ಹೆಂಡತಿ ಝುಬೈದಾ ಗೆರೆ ಎಳೆದ ಹಾಗೆ ನಡೆಯುತ್ತಾಳೆ. ಅವಳ ಪಕ್ಕದಲ್ಲೇ ಹೊರಟ ನಾನು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಡಕ್ಕೆ ವಾಲುತ್ತೇನೆ, ಇನ್ನು ಸ್ವಲ್ಪ ಹೋಗಿ ಬಲಕ್ಕೆ ವಾಲುತ್ತೇನೆ. ಎದುರಿಗೆ ಮನುಷ್ಯನಾಗಲಿ ಗೋಡೆಯಾಗಲಿ ಇರುವುದಿಲ್ಲ.

"ಶುರುವಾಯ್ತಾ ನಿಮ್ಮದು? ಆ ಸೆಕ್ಯುರಿಟಿಯವ ನಿಮ್ಮನ್ನೇ ನೋಡ್ತಾ ಇದ್ದಾನೆ. ಬೆಳಿಗ್ಗೆ ಬೆಳಿಗ್ಗೆ ಏನು ಕುಡಿದು ಬಂದ ಅಂತ ಎಣಿಸ್ತಾನೋ ಏನೋ" ಎನ್ನುತ್ತಾಳೆ ಝುಬೈದಾ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಗಂಡನನ್ನು ತರಾಟೆಗೆ ತೆಗೆದುಕೊಳ್ಳಲು ಅದಕ್ಕಿಂತ ಅನುಕೂಲದ ಭಾಷೆ ಇನ್ನೊಂದಿಲ್ಲ. ನಿಮಗಾಗಿ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ, ಖಾರ ಸ್ವಲ್ಪ ಕಮ್ಮಿಯಾಗಿದ್ದರೆ ಕ್ಷಮೆಯಿರಲಿ.

ನಾನು ಬಳಸಿ ಹೋಗುವುದು ಕಂಬಗಳನ್ನು. ಅವು ಮಸ್ಕತ್ತಿನಲ್ಲಿಲ್ಲ, ನೇತ್ರಾವತಿಯ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿದ್ದವು. ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಕಂಬಗಳನ್ನು ಯಾವನೋ ಮರದ ವ್ಯಾಪಾರಿ ಕಿತ್ತುಕೊಂಡು ಹೋದನಂತೆ. ನನ್ನ ಕಾಲುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈ ಚಾಳಿಯನ್ನು ನಾನು ಯಾವತ್ತೂ ದೊಡ್ಡದು ಮಾಡಿದವನಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ನಮ್ಮ ಕಾಲೇಜಿನಲ್ಲಿ ಒಂದು ಪ್ರಶ್ನೆ ಏಳದೆ ಹೋಗಿದ್ದರೆ ಅದರ ಬಗ್ಗೆ ಬರೆಯುವ ಪ್ರಮೇಯವೂ ಬರುತ್ತಿರಲಿಲ್ಲ. ನಮ್ಮದು ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು, ನಾನು ಅಲ್ಲಿಯ ಲೈಬ್ರರಿಯನ್. ನನ್ನ ಮಗ ನಿಹಾಲ್ ಅಲ್ಲೇ ಓದುತ್ತಿದ್ದ. ಅಪ್ಪ ಇರುವ ಕಾಲೇಜಿನಲ್ಲಿ ಓದುವ ಕಷ್ಟವನ್ನು ಅವನು ಫುಟ್ಬಾಲ್ ಆಡಿ ಮರೆಯುತ್ತಿದ್ದ. ಅವನಿಗೆ ಅದು ಕೊನೆಯ ವರ್ಷ, ಕ್ಯಾಪ್ಟನ್ ಪಟ್ಟಿ ತೋಳಿಗೆ ಬಂದದ್ದೂ ಆ ವರ್ಷವೇ. ಅಕ್ಟೋಬರ್ ಕೊನೆಗೆ ಅಂತರ ಕಾಲೇಜು ಪಂದ್ಯಾಟ. ಅದಕ್ಕೆ ತಯಾರಾಗಬೇಕಾದರೆ ಜುಲೈ, ಆಗಸ್ಟಿನಲ್ಲೇ ಮೈ ಹುರಿಗೊಳಿಸಬೇಕು.

ಜುಲೈನ ಮಸ್ಕತ್ತನ್ನು ಕಾಣದವರಿಗೆ ಹೇಗೆ ಹೇಳಲಿ? ನಲ್ಲಿ ತಿರುಗಿಸಿದರೆ ಚಹಾಕ್ಕೆ ಬೇಕಾದ ನೀರು ಬರುತ್ತದೆ. ಹುಡುಗರು ಸೂರ್ಯ ಮುಳುಗಿ, ಮಗ್ರಿಬ್ ನಮಾಜ್ ಮುಗಿಸಿಯೇ ಮೈದಾನಕ್ಕೆ ಇಳಿಯುತ್ತಿದ್ದರು. ಆದರೂ ಆ ಹಸಿರು ಪ್ಲಾಸ್ಟಿಕ್ ಹುಲ್ಲು ಹಗಲಿಡೀ ಕುಡಿದ ಬಿಸಿಯನ್ನು ಆಗ ಕಾರಲು ಶುರು ಮಾಡುತ್ತಿತ್ತು. ಒಂದು ಸಂಜೆ ನಿಹಾಲ್ ಚೆಂಡಿನ ಹಿಂದೆ ಓಡುತ್ತಾ ಓಡುತ್ತಾ ಹಾಗೆಯೇ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿ ಕಳಿಸಿದರು, ದೇವರ ದಯೆ, ಬೇರೇನೂ ಆಗಲಿಲ್ಲ. ಝುಬೈದಾ ಮಾತ್ರ ವಾರವಿಡೀ ಅವನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಾನು ಅವನು ಮಲಗಿದ ಮೇಲೆ ಮುಟ್ಟಿ ನೋಡುತ್ತಿದ್ದೆ.

ಕೋಚ್ ಖಮೀಸ್ ಒಮಾನಿ. ಮಾತು ಕಮ್ಮಿ, ಮನಸ್ಸು ಬೆಣ್ಣೆ. ಮರುದಿನ ಹುಡುಗರನ್ನು ಕರೆದು, "ಖಲಾಸ್. ತಣ್ಣಗಾಗುವ ತನಕ ಮೈದಾನ ಇಲ್ಲ. ಒಳಗೆ ಆಡುವ ಜಾಗ ಸಿಕ್ಕಿದರೆ ತಂಡ, ಇಲ್ಲದಿದ್ದರೆ ಈ ವರ್ಷ ನಾವು ಹೆಸರು ಕೊಡುವುದಿಲ್ಲ" ಎಂದುಬಿಟ್ಟ. ಅಂದರೆ ನಿಹಾಲನ ತೋಳಿನ ಪಟ್ಟಿ ಒಂದು ಪಂದ್ಯವನ್ನೂ ಕಾಣದೆ ಪೆಟ್ಟಿಗೆ ಸೇರುವುದು ಎಂದರ್ಥ.

ಹುಡುಗರು ಸುಮ್ಮನೆ ಕೂರಲಿಲ್ಲ. ನಮ್ಮ ಫ್ಲ್ಯಾಟಿನ ಕೆಳಗಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಒಂದು ಶುಕ್ರವಾರ ಆಡಲು ಹೋದರು. ಮೊದಲ ಜೋರಿನ ಒದೆತಕ್ಕೇ ಚೆಂಡು ಒಂದು ಲ್ಯಾಂಡ್ ಕ್ರೂಸರಿಗೆ ಬಡಿದು ಅದು ಕಿರುಚಲು ಶುರು ಮಾಡಿತು. ಗಾಬರಿಯಲ್ಲಿ ಓಡಿದವನೊಬ್ಬ ಇನ್ನೊಂದಕ್ಕೆ ತಾಗಿದ. ಆರು ಮಹಡಿಯ ಜನ ಬೆಂಕಿ ಬಿತ್ತೆಂದು ನೈಟಿ, ಲುಂಗಿ, ಅರಬರ ದಿಶ್‌ದಾಶ ನಿಲುವಂಗಿಗಳಲ್ಲಿ ಕೆಳಗಿಳಿದರು. ಲಿಫ್ಟಿನ ಬಾಗಿಲಿಗೆ ಅಂಟಿಸಿದ ನೋಟಿಸು ಈಗಲೂ ಅಲ್ಲೇ ಇದೆ. ಅದನ್ನು ಓದುವಾಗಲೆಲ್ಲ ನಾನು ಬೇರೆ ಯಾರದೋ ಮಗನ ಸುದ್ದಿಯೆಂಬಂತೆ ಮುಖ ಮಾಡುತ್ತೇನೆ.

ಕೊನೆಗೆ ಪ್ರಾಂಶುಪಾಲರು ಒಂದು ಸಮಿತಿ ಮಾಡಿದರು. ಕಾಲೇಜಿನ ಫುಟ್ಬಾಲ್ ತಂಡಕ್ಕೆ ಒಳಾಂಗಣ ಬೇಕೇ ಬೇಡವೇ ಎಂದು ನಾವು ತೀರ್ಮಾನಿಸಬೇಕು. ಕೋಚ್ ಖಮೀಸ್, ಲೆಕ್ಕಪತ್ರ ವಿಭಾಗದ ಪಾಟೀಲರು, ಮತ್ತು ನಾನು. ನನ್ನನ್ನು ಯಾಕೆ ಹಾಕಿದರೆಂದು ಈಗಲೂ ತಿಳಿಯದು. ಲೈಬ್ರರಿಯನ್ನಿಗೆ ಬೇರೆ ಕೆಲಸವಿಲ್ಲ ಎಂಬ ಭಾವನೆ ಎಲ್ಲ ಕಾಲೇಜುಗಳಲ್ಲೂ ಇದೆ.

ಮೀಟಿಂಗಿನ ಹಿಂದಿನ ದಿನ ಊಟದ ಹೊತ್ತಿಗೆ ನಿಹಾಲ್ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಉಪ್ಪಾ, ಪ್ಲೀಸ್. ಡೋಂಟ್ ಟೆಲ್ ದಟ್ ಟೈಲ್ಸ್ ಸ್ಟೋರಿ."

"ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ. ಅಲ್ಲಿ ಹೋಗಿ ಹಂಚಿನ ಕತೆ ತೆಗೀಬೇಡಿ. ಮರ್ಯಾದೆ ಪ್ರಶ್ನೆ" ಎಂದಳು ಝುಬೈದಾ.

ನನ್ನ ಮನೆಯಲ್ಲಿ ಆ ಕತೆಗೆ ಇರುವ ಬೆಲೆ ಇಷ್ಟು. ನೀವಾದರೂ ಕೇಳಿ.

ಪಿಯುಸಿಯಲ್ಲಿದ್ದಾಗ ನಾನು ಕಾಲೇಜಿನ ಫುಟ್ಬಾಲ್ ತಂಡದಲ್ಲಿದ್ದೆ. ಈಗಿನ ನನ್ನ ಹೊಟ್ಟೆ ನೋಡಿದವರು ನಂಬುವುದಿಲ್ಲ, ನಂಬಬೇಕೆಂದು ನಾನೂ ಒತ್ತಾಯಿಸುವುದಿಲ್ಲ. ನಮ್ಮ ಕಾಲೇಜಿನ ಮೈದಾನ ಹೊಳೆಯ ಪಕ್ಕದ ತಗ್ಗಿನಲ್ಲಿತ್ತು. ಜೂನ್ ಬಂತೆಂದರೆ ಗೋಲಿನ ಕಂಬಗಳು ಅರ್ಧ ನೀರಿನಲ್ಲಿ ನಿಂತಿರುತ್ತಿದ್ದವು. ಮೇಲಿನ ಅಡ್ಡಪಟ್ಟಿಯ ಮೇಲೆ ಮಿಂಚುಳ್ಳಿಯೊಂದು ಕೂತು ಮೀನು ಕಾಯುತ್ತಿತ್ತು. ನಮ್ಮ ಕರಾವಳಿಯವರು ಕೆಸರಿನಲ್ಲಿ ಚೆಂಡಾಡುವ ಸುಖವನ್ನು ಬಾಯಿ ತುಂಬ ಹೊಗಳುವುದನ್ನು ನೀವು ಕೇಳಿರಬಹುದು. ನಮಗೆ ಆ ಕೆಸರೂ ಸಿಗುತ್ತಿರಲಿಲ್ಲ. ಪಂದ್ಯಾಟವೋ ಆಗಸ್ಟಿನಲ್ಲಿ, ಗುಡ್ಡದ ಮೇಲಿನ ದೊಡ್ಡ ಕಾಲೇಜಿನ ಮೈದಾನದಲ್ಲಿ.

ಮೈದಾನದ ಆಚೆಗೆ ಹಂಚಿನ ಕಾರ್ಖಾನೆ. ಅಚ್ಚಿನಿಂದ ಇಳಿದ ಹಸಿ ಹಂಚುಗಳನ್ನು ಮರದ ಸ್ಟ್ಯಾಂಡುಗಳಲ್ಲಿ ಜೋಡಿಸಿ ಒಣಗಿಸಲು ಅಲ್ಲೊಂದು ಉದ್ದನೆಯ ಶೆಡ್ ಇತ್ತು. ಪಕ್ಕದಲ್ಲೇ ಭಟ್ಟಿ, ಹಾಗಾಗಿ ಒಳಗೆ ಬೆಚ್ಚಗೆ. ಹೊರಗೆ ಆಕಾಶ ಹರಿದು ಸುರಿಯುತ್ತಿದ್ದರೂ ಒಳಗಿನ ಮಣ್ಣುನೆಲ ಒಣಗಿರುತ್ತಿತ್ತು. ಸಂಜೆ ಕೆಲಸದ ಸೈರನ್ ಆದ ಮೇಲೆ ಅಲ್ಲಿ ಆಡಿಕೊಳ್ಳಿ ಎಂದು ಕಾರ್ಖಾನೆಯ ರೈಟರು ಒಪ್ಪಿದ್ದರು. ರೈಟರೆಂದರೆ ಹಾಜರಿ, ಲೆಕ್ಕ ನೋಡಿಕೊಳ್ಳುವವರು. ಅವರದು ಒಂದೇ ಷರತ್ತು: "ಚೆಂಡು ಮೊಣಕಾಲಿನಿಂದ ಮೇಲೆ ಹೋದ್ರೆ ಅವತ್ತಿಗೆ ಆಟ ಬಂದ್."

ಅಲ್ಲಿ ಮೂರು ಸಾಲು ಮರದ ಕಂಬಗಳು. ಅವುಗಳ ನಡುವೆ ನಾವು ಆಟ ಕಲಿತೆವು. ಚೆಂಡನ್ನು ನೆಲಕ್ಕೆ ಅಂಟಿಸಿ ಓಡಿಸುವುದು, ಕಂಬ ಬಂದಾಗ ಸೊಂಟ ತಿರುಗಿಸಿ ಬಳಸಿ ಹೋಗುವುದು, ಕಂಬದ ಹಿಂದೆ ಮರೆಯಾದ ಗೆಳೆಯನಿಗೆ ಅಂದಾಜಿನ ಮೇಲೆ ಪಾಸ್ ಕೊಡುವುದು. ಪರಿಣಾಮ ಏನಾಯಿತೆಂದರೆ, ಮೊದಲ ಪಂದ್ಯಕ್ಕೆ ಗುಡ್ಡದ ಮೇಲಿನ ಬಯಲಿಗೆ ಹೋದಾಗ ನಮಗೆ ಕಂಬಗಳಿಲ್ಲದೆ ಆಡಲು ಬರಲಿಲ್ಲ. ಎದುರಾಳಿಗಳು ಚೆಂಡನ್ನು ಎತ್ತರಕ್ಕೆ ಹೊಡೆದರೆ ನಾವೆಲ್ಲ ವಿಮಾನ ನೋಡುವವರ ಹಾಗೆ ಬಾಯಿ ತೆರೆದು ನಿಲ್ಲುತ್ತಿದ್ದೆವು. ಆದರೆ ಚೆಂಡು ನೆಲಕ್ಕೆ ಬಂದು ನಮ್ಮ ಕಾಲಿಗೆ ಸಿಕ್ಕಿತೋ, ಓಡುತ್ತಾ ಓಡುತ್ತಾ ಇಲ್ಲದ ಕಂಬವನ್ನು ಬಳಸಿ ಪಕ್ಕಕ್ಕೆ ಹಾರುತ್ತಿದ್ದೆವು. ಎದುರಿಗಿದ್ದವನು ಇವನೇಕೆ ಹೀಗೆ ತಿರುಗಿದ ಎಂದು ಹಿಂದೆ ಮುಂದೆ ನೋಡುವಷ್ಟರಲ್ಲಿ ನಾವು ಗೋಲಿನ ಎದುರಿಗೆ. "ಈ ಹಂಚಿನವರ ಕಾಲಿಗೆ ದೆವ್ವ ಹಿಡಿದಿದೆ ಮಾರಾಯಾ" ಎಂದು ಆ ಕಾಲೇಜಿನ ಗೋಲ್‌ಕೀಪರ್ ತಲೆಯ ಮೇಲೆ ಕೈ ಹೊತ್ತದ್ದು ನೆನಪಿದೆ. ಆ ಪಂದ್ಯಾಟ ಗೆದ್ದೆವು.

ಇದು ಮನೆಯವರಿಗೆ ಕೇಳಿ ಕೇಳಿ ಸಾಕಾದ ಭಾಗ. ನನಗೆ ಹೆಚ್ಚು ಪ್ರೀತಿಯದು ಇನ್ನೊಂದಿದೆ.

ನಾವು ಸಂಜೆ ಹೋಗುವಾಗ ಶೆಡ್ಡಿನ ನಡುಭಾಗ ಖಾಲಿಯಿರುತ್ತಿತ್ತು. ಹಸಿ ಹಂಚು ತುಂಬಿದ ಸ್ಟ್ಯಾಂಡುಗಳೆಲ್ಲ ಗೋಡೆಯ ಬದಿಗೆ ಒತ್ತಾಗಿ ನಿಂತಿರುತ್ತಿದ್ದವು. ಕಾರ್ಖಾನೆಯ ಪದ್ಧತಿಯೇ ಹಾಗೆ ಎಂದುಕೊಂಡಿದ್ದೆವು. ಒಂದು ದಿನ ಕ್ಲಾಸು ಬೇಗ ಬಿಟ್ಟು ನಾನು ಮೊದಲೇ ಹೋದೆ. ಸೈರನ್ ಆಗಿತ್ತು. ಅಚ್ಚಿನ ಕೆಲಸದ ಗುಲಾಬಿಯಕ್ಕ ಮತ್ತು ಅವರ ಜೊತೆಯ ನಾಲ್ಕೈದು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಂಚು ಅಲುಗದ ಹಾಗೆ, ಒಂದೊಂದೇ ಸ್ಟ್ಯಾಂಡನ್ನು ಹಿಡಿದು ಬದಿಗೆ ಸರಿಸುತ್ತಿದ್ದರು. ದಿನವಿಡೀ ಮಣ್ಣು ಹೊತ್ತ ಕೈಗಳು. ಬೆಳಿಗ್ಗೆ ಬಂದು ಪುನಃ ನಡುವಿಗೆ ಎಳೆಯಬೇಕಿತ್ತು, ಇಲ್ಲದಿದ್ದರೆ ಗಾಳಿ ಸಾಲದೆ ಹಂಚು ಒಣಗುವುದಿಲ್ಲ.

"ಗುಲಾಬಿಯಕ್ಕ, ಇದು ನಮಗೋಸ್ಕರವಾ?" ಎಂದು ಕೇಳಿದೆ, ತುಳುವಿನಲ್ಲಿ.

"ಮತ್ತೆ ಯಾರಿಗೆ, ನಿನ್ನ ಪ್ರಿನ್ಸಿಪಾಲರಿಗಾ?" ಎಂದರು. "ಇಡೀ ದಿನ ಮಿಷನಿನ ಶಬ್ದ ಕೇಳಿ ಕೇಳಿ ಕಿವಿ ಸತ್ತು ಹೋಗ್ತದೆ ಮಗಾ. ನಾವು ಕೈಕಾಲು ತೊಳ್ಕೊಂಡು ಮಳೆ ಬಿಡುವ ತನಕ ಇಲ್ಲಿ ಕೂತುಕೊಳ್ಳುವವರಲ್ವಾ? ಆವಾಗ ನಿಮ್ಮ ಬೊಬ್ಬೆ ಕೇಳ್ಲಿಕ್ಕೆ ಚಂದ."

ಅವತ್ತು ಅವರು ಅಷ್ಟಕ್ಕೇ ಬಿಡಲಿಲ್ಲ. "ಎಲ್ಲಿ, ನಂಗೊಂದು ಕೊಡು" ಎಂದು ಸೀರೆಯನ್ನು ಮೊಣಕಾಲವರೆಗೆ ಎತ್ತಿ ಚೆಂಡಿಗೆ ಒಂದು ಬಾರಿಸಿದರು. ಅದು ಮೊಣಕಾಲನ್ನೂ ದಾಟಿ, ತಲೆಯನ್ನೂ ದಾಟಿ, ಅವರೇ ಬೆಳಿಗ್ಗೆ ಅಚ್ಚು ಹಾಕಿದ್ದ ಹಂಚಿನ ಸಾಲಿಗೆ ಹೋಗಿ ಬಿತ್ತು. ಆ ಋತುವಿನಲ್ಲಿ ಶೆಡ್ಡಿನಲ್ಲಿ ಹಂಚು ಮುರಿದದ್ದು ಅವರೊಬ್ಬರೇ. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ರೈಟರು ಬರುವ ಮೊದಲು ಚೂರುಗಳನ್ನು ಹೆಕ್ಕಿ ಮಣ್ಣಿನ ರಾಶಿಗೆ ಸೇರಿಸಿದ್ದಾಯಿತು. ಗೆದ್ದ ಕಪ್ಪನ್ನು ನಾವು ಪ್ರಿನ್ಸಿಪಾಲರ ಕೋಣೆಗೆ ಕೊಡುವ ಮೊದಲು ಶೆಡ್ಡಿಗೇ ಕೊಂಡುಹೋದೆವು. ಅವರೆಲ್ಲ ಸರದಿಯಂತೆ ಅದರಲ್ಲಿ ಚಹಾ ಕುಡಿದರು.

ಇನ್ನು ಮೀಟಿಂಗಿಗೆ ಬನ್ನಿ.

ಪಾಟೀಲರು ಧಾರವಾಡದ ಕಡೆಯವರು. ಎಡಗಿವಿ ಒಣದ್ರಾಕ್ಷಿಯಂತೆ ಮುದುಡಿದೆ, ಹುಡುಗನಾಗಿದ್ದಾಗ ಕುಸ್ತಿ ಹಿಡಿದ ಗುರುತು. ಖಮೀಸ್ ಹುಡುಗರ ಪರವಾಗಿ ಮಾತಾಡುತ್ತಿದ್ದಂತೆ ಅವರು ನನ್ನ ಕಡೆಗೆ ವಾಲಿ ಕನ್ನಡದಲ್ಲಿ ಶುರು ಮಾಡಿದರು.

"ಅಲ್ರೀ ಸಾಹೇಬ್ರ, ಬಯಲಾಗ ಆಡೂ ಆಟಕ್ಕ ಮನೀ ಯಾಕ ಬೇಕ್ರೀ? ಸಲಾಲಾದ ಕಾಲೇಜಿನವ್ರು ಹೊರಗ ಆಡ್ತಾರಿಲ್ಲೋ?"

"ಪಾಟೀಲ್ರೇ, ಸಲಾಲಾದಲ್ಲಿ ಈಗ ತುಂತುರು ಮಳೆ, ತೆಂಗಿನ ತೋಟ, ನಮ್ಮೂರಿನ ಹಾಗೆ. ಇಲ್ಲಿ ಉಂಟಾ ಅದೆಲ್ಲ?" ಎಂದೆ.

"ಆದ್ರೂ ಹುಡುಗೂರು ಗಟ್ಟಿ ಆಗಬೇಕ್ರೀ. ಒಳಗ ಎ.ಸಿ.ಯಾಗ ಆಡಿ ಬೆಳದ್ರ ಹೊರಗ ಬಂದು ಏನ್ ಕಡದ ಹಾಕ್ತಾರ?"

ನನ್ನ ಬಾಯಿಯ ತುದಿಗೆ ಹಂಚಿನ ಶೆಡ್ ಬಂದು ನಿಂತಿತ್ತು. ನಿಹಾಲನ ಮುಖ ನೆನಪಾಗಿ ಅದನ್ನು ನುಂಗಿ ಬೇರೆ ದಾರಿ ಹಿಡಿದೆ. "ನೀವು ಕುಸ್ತಿ ಕಲ್ತದ್ದು ಎಲ್ಲಿ?"

"ಗರಡಿ ಮನ್ಯಾಗ."

"ಅದು ಬಯಲಾ, ಒಳಗಾ?"

ಪಾಟೀಲರು ಎಡಗಿವಿ ಸವರಿಕೊಂಡರು. ಆಮೇಲೆ ಅವರ ಮುಖ ಬೇರೆಯೇ ಆಯಿತು. ಖಮೀಸನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಗರಡಿಯ ವರ್ಣನೆಗೆ ಇಳಿದರು. ಬಗ್ಗಿಯೇ ಒಳಹೋಗಬೇಕಾದ ಗಿಡ್ಡ ಬಾಗಿಲು, ಮಣ್ಣಿನ ದಪ್ಪ ಗೋಡೆ, ಏಪ್ರಿಲ್ ಬಿಸಿಲಿನಲ್ಲೂ ತಂಪು, ಮಜ್ಜಿಗೆ ಎಣ್ಣೆ ಅರಿಸಿನ ಹಾಕಿ ಹದ ಮಾಡಿದ ಕೆಂಪು ಮಣ್ಣು, ಮೂಲೆಯಲ್ಲಿ ಕಲ್ಲಿನ ಗುಂಡು. ಖಮೀಸ್ ಕಣ್ಣರಳಿಸಿ ಕೇಳಿದ. ಮಣ್ಣಿಗೆ ಮಜ್ಜಿಗೆ ಯಾಕೆ ಎನ್ನುವುದು ಅವನಿಗೆ ಕೊನೆಗೂ ಅರ್ಥವಾಗಲಿಲ್ಲ. ಸಮಿತಿಯ ಅರ್ಧ ಹೊತ್ತು ಗರಡಿಯಲ್ಲೇ ಕಳೆಯಿತು.

"ಹೌದಲ್ರೀ ಸಾಹೇಬ್ರ, ಕಲಿಯೂದು ಒಳಗ, ಕಾದೂದು ಹೊರಗ. ಆತು, ನಾ ಒಪ್ಪಿದೆ" ಎಂದರು ಪಾಟೀಲರು. ನಾನು ಒಳಗೊಳಗೇ ಬೀಗಿದೆ. ಆದರೆ ಲೆಕ್ಕದ ಮನುಷ್ಯ, ಅಷ್ಟು ಸುಲಭಕ್ಕೆ ಬಿಡುವವರೇ? "ಹೊಸಾದು ಕಟ್ಟೂದ್ರಾಗ ಈ ಹುಡುಗೂರು ಡಿಗ್ರಿ ಮುಗಿಸಿ ದುಕ್ಮ್ ಬಂದರದಾಗ ನೌಕರಿಗೆ ಹೋಗಿರ್ತಾರ. ವರ್ಕ್‌ಶಾಪ್ ಹಿಂದ ದೊಡ್ಡ ಗೋಡೌನ್ ಐತೆಲ್ಲ? ಎ.ಸಿ.ನೂ ಐತಿ. ಅದರಾಗ ಯಾರ ಸಾಮಾನ ಅದಾವ್ರೀ?"

ಯಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿದ್ದದ್ದು ನನ್ನ ಸ್ಟ್ಯಾಂಡುಗಳು. ಲೈಬ್ರರಿಯಿಂದ ಹೊರಬಿದ್ದ ಹಳೆಯ ಕಬ್ಬಿಣದ ಸ್ಟ್ಯಾಂಡುಗಳು, ಅವುಗಳ ತುಂಬ ದಪ್ಪ ರಟ್ಟು ಕಟ್ಟಿಸಿದ ಇಂಜಿನಿಯರಿಂಗ್ ಪತ್ರಿಕೆಗಳು. ಅವೆಲ್ಲ ಈಗ ಕಂಪ್ಯೂಟರಿನಲ್ಲಿವೆ. ಒಬ್ಬನಾದರೂ ಬಂದು ಕೇಳಿದ್ದಿಲ್ಲ. ಆದರೂ ಮುಂದೆ ಯಾರಿಗಾದರೂ ಬೇಕಾದೀತೆಂದು ನಾನು ಅವನ್ನು ಬಿಡದೆ ಇಟ್ಟುಕೊಂಡಿದ್ದೆ. ಕಾಗದ ಹಾಳಾಗಬಾರದೆಂದು ಪ್ರಾಂಶುಪಾಲರನ್ನು ಪೀಡಿಸಿ ಎ.ಸಿ. ಹಾಕಿಸಿಕೊಂಡವನೂ ನಾನೇ. ನನ್ನ ಮಗ ಬಿಸಿಲಿಗೆ ಕುಸಿದುಬಿದ್ದ ಸಂಜೆ ಸಿಮೆಂಟು ಕಾಂಕ್ರೀಟಿನ ಹಳೆಯ ಪತ್ರಿಕೆಗಳು ತಣ್ಣಗೆ ಮಲಗಿದ್ದವು.

"ಆ ಪತ್ರಿಕೆಗಳು..." ಎಂದು ನಾನು ಶುರು ಮಾಡಿದೆ. ಖಮೀಸನೂ ಪಾಟೀಲರೂ ನನ್ನನ್ನೇ ನೋಡುತ್ತಿದ್ದರು. ಆಗ ಎಲ್ಲಿಂದಲೋ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಗುಲಾಬಿಯಕ್ಕ ಕಣ್ಣಮುಂದೆ ಬಂದರು. ಅವರ ಹಂಚಿಗೆ ಕೊಳ್ಳುವವರಿದ್ದರು, ಒಡೆದರೆ ಮರುದಿನ ಮತ್ತೆ ಅವರದೇ ರಟ್ಟೆ ನೋಯಬೇಕಿತ್ತು. ಆದರೂ ಯಾರೂ ಕೇಳದೆ ದಿನಾ ಸರಿಸಿದರು. ನನ್ನದನ್ನು ಒಮ್ಮೆ ಸರಿಸಿದರೆ ಮುಗಿಯಿತು.

"ಖಾಲಿ ಮಾಡ್ತೇನೆ" ಎಂದೆ. ಕಾಲೇಜಿನ ತಂಡಕ್ಕೆ ಒಳಾಂಗಣ ಬೇಕೇ ಎಂಬ ಸಮಿತಿ ಅಲ್ಲಿಗೆ ಮುಗಿಯಿತು.

ಶನಿವಾರ ರಜೆಯ ದಿನ ಇಡೀ ತಂಡ ಬಂತು. ಪಾಟೀಲರು ತಲೆಗೆ ಟವೆಲ್ ಸುತ್ತಿಕೊಂಡು ಬಂದು ಒಂದು ಕಬ್ಬಿಣದ ಸ್ಟ್ಯಾಂಡನ್ನು ಒಬ್ಬರೇ ಎತ್ತಿ ತೋರಿಸಿ, ಆಮೇಲೆ ಮೂರು ದಿನ ಸೊಂಟನೋವಿನ ಬೆಲ್ಟ್ ಕಟ್ಟಿಕೊಂಡು ತಿರುಗಿದರು. ಖಮೀಸ್ ಬಾಗಿಲಲ್ಲಿ ನಿಂತು "ಯಲ್ಲಾ ಯಲ್ಲಾ" ಎಂದು ಹುರಿದುಂಬಿಸುತ್ತಿದ್ದ. ಪತ್ರಿಕೆಗಳಲ್ಲಿ ಒಂದಷ್ಟನ್ನು ಬೇರೆ ಕಾಲೇಜಿನವರು ಒಯ್ದರು, ಉಳಿದವು ರದ್ದಿಯ ಲಾರಿ ಹತ್ತಿದವು. ಲಾರಿ ಗೇಟು ದಾಟುವ ತನಕ ನಾನು ಅದರ ಹಿಂದೆಯೇ ನಡೆದೆ. ಎಲ್ಲ ಖಾಲಿಯಾದ ಮೇಲೆ ನೋಡಿದರೆ ಗೋಡೌನಿನ ನಡುವೆ ಎರಡು ಸಾಲು ಕಬ್ಬಿಣದ ಕಂಬಗಳು ನಿಂತಿದ್ದವು. ಇಷ್ಟು ವರ್ಷ ಪುಸ್ತಕಗಳ ಮರೆಯಲ್ಲಿ ನಾನೇ ಅವನ್ನು ಗಮನಿಸಿರಲಿಲ್ಲ.

ಖಮೀಸ್ ತಲೆ ಕೆರೆದುಕೊಂಡ. "ಇವನ್ನು ಏನು ಮಾಡುವುದು?"

"ಇರಲಿ ಬಿಡು, ಸ್ಪಂಜು ಸುತ್ತಿಸುವ" ಎಂದೆ. ಮೇಲಿದ್ದ ಟ್ಯೂಬ್‌ಲೈಟು, ಎ.ಸಿ.ಗಳನ್ನು ತೋರಿಸಿ ಷರತ್ತನ್ನೂ ಹೇಳಿದೆ: ಚೆಂಡು ಮೊಣಕಾಲಿನಿಂದ ಮೇಲೆ ಹೋದರೆ ಅವತ್ತಿಗೆ ಆಟ ಬಂದ್.

ನಿಹಾಲ್ ಬೆವರು ಒರೆಸಿಕೊಳ್ಳುತ್ತಾ ಹತ್ತಿರ ಬಂದು ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತ. "ಉಪ್ಪಾ, ವಾಸ್ ಇಟ್ ಲೈಕ್ ದಿಸ್? ಆ ಟೈಲ್ಸ್ ಪ್ಲೇಸ್?" ಎಂದು ಕೇಳಿದ. ಅವನಾಗಿಯೇ ಆ ಕತೆ ಕೇಳಿದ್ದು ಅದೇ ಮೊದಲು. ಸಂತೋಷ ಹೆಚ್ಚಾಗಿ ನನಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ, ಮಿಂಚುಳ್ಳಿಯಿಂದ ಶುರು ಮಾಡಿದೆ.

ಆಗಸ್ಟ್ ಪೂರ್ತಿ, ಸೆಪ್ಟೆಂಬರ್ ಪೂರ್ತಿ ಹುಡುಗರು ಅಲ್ಲೇ ಆಡಿದರು. ಲೈಬ್ರರಿ ಮುಚ್ಚಿದ ಮೇಲೆ ನಾನು ಒಂದು ಕುರ್ಚಿ ಹಾಕಿಕೊಂಡು ಬಾಗಿಲ ಬದಿಯಲ್ಲಿ ಕೂರುತ್ತಿದ್ದೆ. ದಿನವಿಡೀ ಮೌನ ಕಾಯುವುದು ನನ್ನ ಉದ್ಯೋಗ. ಹುಡುಗರ ಬೊಬ್ಬೆ ಚಂದವೆಂದು ಗುಲಾಬಿಯಕ್ಕ ಹೇಳಿದ್ದು ಯಾಕೆಂದು ಆಗ ಗೊತ್ತಾಯಿತು.

ಮೊದಲ ಪಂದ್ಯ ಬಿದ್ದದ್ದು ಸಲಾಲಾದ ಕಾಲೇಜಿನ ಮೇಲೆಯೇ, ಅಕ್ಟೋಬರಿನ ಒಂದು ಸಂಜೆ, ಬಯಲು ಮೈದಾನದಲ್ಲಿ. ಗ್ಯಾಲರಿಯಲ್ಲಿ ನನ್ನ ಒಂದು ಕಡೆ ಝುಬೈದಾ, ಇನ್ನೊಂದು ಕಡೆ ಪಾಟೀಲರು. ಸಲಾಲಾದವರು ಚೆಂಡನ್ನು ಎತ್ತರಕ್ಕೆ ಹೊಡೆದರು. ನಮ್ಮ ಹುಡುಗರು ವಿಮಾನ ನೋಡುವವರಂತೆ ನಿಂತರು. ಮೊದಲ ಗೋಲು ಅವರದೇ. "ಆತಲ್ರೀ ಗರಡಿ" ಎಂದು ಪಾಟೀಲರು ನಿಟ್ಟುಸಿರಿಟ್ಟರು.

ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಚೆಂಡು ಉರುಳಿಕೊಂಡು ನಿಹಾಲನ ಕಾಲಿಗೆ ಬಂತು. ಅವನು ಅದನ್ನು ನೆಲಕ್ಕೆ ಅಂಟಿಸಿಕೊಂಡು ನೇರ ಓಡಿದ. ಎದುರಿಗೆ ಖಾಲಿ ಬಯಲು, ದೂರದಲ್ಲೊಬ್ಬ ಎದುರಾಳಿ. ಇದ್ದಕ್ಕಿದ್ದಂತೆ, ಏನೂ ಇಲ್ಲದ ಕಡೆ, ಸೊಂಟ ತಿರುಗಿಸಿ ಎಡಕ್ಕೆ ಹಾರಿದ. ಇನ್ನು ಸ್ವಲ್ಪ ಹೋಗಿ ಬಲಕ್ಕೆ ಹಾರಿದ. ಅಡ್ಡ ಬರುತ್ತಿದ್ದವನು ತನ್ನ ಕಾಲಿಗೆ ತಾನೇ ತೊಡರಿ ಕೂತುಬಿಟ್ಟ. ಕೂತಲ್ಲೇ ನನ್ನ ಮೈಯೂ ಎಡಕ್ಕೆ ವಾಲಿತ್ತು, ಬಲಕ್ಕೆ ವಾಲಿತ್ತು.

ಝುಬೈದಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. "ಯಾ ಅಲ್ಲಾ, ಇವನಿಗೂ ಬಂತಾ ಇದು?" ಎಂದಳು. ಮಾಲಿನಲ್ಲಿ ಕೇಳುವ ದನಿ ಅದಾಗಿರಲಿಲ್ಲ.

ನಿಹಾಲನ ಮುಂದೆ ಗೋಲ್‌ಕೀಪರ್ ಒಬ್ಬನೇ ಉಳಿದಿದ್ದ. ಕಣ್ಣು ತುಂಬಿ ನನಗೆ ಮೈದಾನ ಮಂಜಾಗಿ ಕಾಣುತ್ತಿತ್ತು. ಅಷ್ಟು ಮಂಜಿನಲ್ಲೂ ಮೂರು ಸಾಲು ಮರದ ಕಂಬಗಳು, ಗೋಡೆಗೆ ಒತ್ತಿ ನಿಲ್ಲಿಸಿದ ಹಸಿ ಹಂಚುಗಳು, ಕಾಲು ಚಾಚಿ ಕೂತು ನಗುವ ಹೆಂಗಸರು, ಎಲ್ಲವೂ ಸ್ಪಷ್ಟವಾಗಿತ್ತು. ನನಗೇ ಗೊತ್ತಿಲ್ಲದೆ ಬಾಯಿಂದ "ಅಲ್‌ಹಮ್ದುಲಿಲ್ಲಾಹ್" ಎಂದು ದೇವರಿಗೆ ಕೃತಜ್ಞತೆ ಬಂತು, ಗ್ಯಾಲರಿಗೆಲ್ಲ ಕೇಳುವಷ್ಟು ಜೋರಾಗಿ.

ಪಾಟೀಲರು ಗಾಬರಿಯಿಂದ ನನ್ನ ಮುಖ ನೋಡಿದರು. "ತಡೀರಿ ಸಾಹೇಬ್ರ, ಇನ್ನೂ ಗೋಲ್ ಆಗಿಲ್ರೀ!"

"ಆಗದಿದ್ರೂ ಅಡ್ಡಿಯಿಲ್ಲ ಪಾಟೀಲ್ರೇ" ಎಂದೆ.